ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆ: ಪ್ರೇಕ್ಷಣೀಯ ಸ್ಥಳಗಳು ಮತ್ತು ವಿಹಾರ

ಬೆಂಗಳೂರಿನ ಕೋಟೆ ಮತ್ತು ಹಳೆಯ ಪೇಟೆಯ ಹೊರಗೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡ ಮೂರು ಬಡಾವಣೆಗಳು ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರಂ. ಕಡಲತೀರದ ಊರುಗಳಲ್ಲಿ ವಿಹಾರವೆಂದರೆ ಸಂಜೆ ಮರಳದಂಡೆಗೆ ಹೋಗುವುದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, ಹೇಳಿಕೊಳ್ಳುವಂಥ ನದಿಯೊಂದೂ ಇಲ್ಲದ ಬೆಂಗಳೂರಿನಲ್ಲಿ ಜನ ಹತ್ತಿದ್ದು ಬಂಡೆಯನ್ನು, ಸುತ್ತಿದ್ದು ಕೆರೆಯ ಏರಿಯನ್ನು, ಕೂತದ್ದು ಗುಡಿಯ ಜಗಲಿಯಲ್ಲಿ ಮತ್ತು ಹೋಟೆಲಿನ ಬೆಂಚಿನ ಮೇಲೆ. ಪ್ರವಾಸಿಗಳಿಗೆಂದೇ ಕಟ್ಟಿದ್ದು ಈ ಮೂರು ಬಡಾವಣೆಗಳಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ಇಲ್ಲಿಯವರು ತಮ್ಮ ಬೆಳಗು, ಸಂಜೆ, ಹಬ್ಬಗಳನ್ನು ಕಳೆಯುವ ಜಾಗಗಳೇ ಹೊರಗಿನವರಿಗೆ ನೋಡುವ ಜಾಗಗಳಾಗಿವೆ. ಹೀಗಾಗಿ ಇಲ್ಲಿಗೆ ಬರುವವರು ನಕ್ಷೆಗಿಂತ ಮೊದಲು ಪಂಚಾಂಗ ನೋಡುವುದು ಒಳ್ಳೆಯದು. ಕಾರ್ತಿಕದ ಸೋಮವಾರ ಬಸವನಗುಡಿಯ ರಸ್ತೆ ಇರುವ ರೀತಿಗೂ ಮಾರನೆಯ ವಾರ ಅದೇ ರಸ್ತೆ ಇರುವ ರೀತಿಗೂ ಸಂಬಂಧವೇ ಇರುವುದಿಲ್ಲ.

ಬಡಾವಣೆಗಳ ಹುಟ್ಟು

ಮೂರರಲ್ಲಿ ಹಿರಿಯದು ಚಾಮರಾಜಪೇಟೆ. ಕೋಟೆಯ ಪಶ್ಚಿಮಕ್ಕೆ 1892ರಲ್ಲಿ ಐದು ಮುಖ್ಯರಸ್ತೆ, ಒಂಬತ್ತು ಅಡ್ಡರಸ್ತೆಗಳೊಡನೆ ಇದನ್ನು ರೂಪಿಸಿ, ಆಗ ಆಳುತ್ತಿದ್ದ ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಉಳಿದೆರಡಕ್ಕೆ ವೇಗ ಕೊಟ್ಟದ್ದು ಪ್ಲೇಗ್. 1898ರ ಆಗಸ್ಟ್‌ನಲ್ಲಿ ರೈಲಿನ ದಾರಿ ಹಿಡಿದು ಬಂದ ಈ ರೋಗ ಗಾಳಿ ಬೆಳಕಿಲ್ಲದ ಪೇಟೆಯ ಓಣಿಗಳಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂದೆ ಜಾಡಮಾಲಿಗಳ ಓಣಿ, ನಡುವೆ ಉದ್ಯಾನ ಎಂಬ ಲೆಕ್ಕಾಚಾರದಲ್ಲಿ ದಕ್ಷಿಣದ ಸುಂಕೇನಹಳ್ಳಿಯ ನೆಲದಲ್ಲಿ ಬಸವನಗುಡಿಯೂ ಉತ್ತರದಲ್ಲಿ ಕಾಡು ಮಲ್ಲೇಶ್ವರನ ಗುಡಿಯ ಸುತ್ತ ಮಲ್ಲೇಶ್ವರವೂ ಬೆಳೆದವು. ಇಂದು ಇವುಗಳಲ್ಲಿ ನಡೆದಾಡುವುದೇ ಒಂದು ಸುಖ ಎನ್ನಿಸುವುದಕ್ಕೆ ಕಾರಣ ಆ ಭಯದ ವರ್ಷಗಳಲ್ಲಿ ಎಳೆದ ಗೆರೆಗಳು. ಸಾಲುಮರದ ನೆರಳು, ನೇರ ರಸ್ತೆ, ಅಂಗಳದ ಸಂಪಿಗೆ, ಪಾರಿಜಾತ ಎಲ್ಲವೂ ಮೊದಲು ಆರೋಗ್ಯಕ್ಕಾಗಿ ಬಂದವು. ಚೆಲುವು ಅವುಗಳ ಜೊತೆ ಸೇರಿಕೊಂಡಿತು.

ಬಂಡೆ, ಬಸವ, ಪರಿಷೆ

ಬಸವನಗುಡಿಗೆ ಹೆಸರು ಕೊಟ್ಟ ದೊಡ್ಡ ಬಸವಣ್ಣನ ಗುಡಿಯನ್ನು ಕಟ್ಟಿಸಿದವನು ಬೆಂಗಳೂರಿನ ಸ್ಥಾಪಕ ಕೆಂಪೇಗೌಡನೆಂದು ಪರಂಪರೆ ಹೇಳುತ್ತದೆ. ಒಂದೇ ಬಂಡೆಯಲ್ಲಿ ಕಡೆದ ನಂದಿಯ ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ. ಬೂದು ಕಲ್ಲು ತಲೆಮಾರುಗಳ ಎಣ್ಣೆ ಲೇಪನದಿಂದ ಕಪ್ಪಾಗಿ ಮಿನುಗುತ್ತದೆ. ನಂದಿ ವರ್ಷ ವರ್ಷವೂ ಬೆಳೆಯುತ್ತಿತ್ತು, ಅದು ಗುಡಿಯನ್ನು ಮೀರದಂತೆ ನೆತ್ತಿಗೆ ತ್ರಿಶೂಲ ಬಡಿದರು ಎಂಬ ಕತೆಯನ್ನು ಇಲ್ಲಿನ ಪ್ರತಿ ಅಜ್ಜಿಯೂ ಮೊಮ್ಮಕ್ಕಳಿಗೆ ಹೇಳಿರುತ್ತಾಳೆ. ನಂದಿಯ ಪಾದದ ಬಳಿ ವೃಷಭಾವತಿ ಹುಟ್ಟುತ್ತದೆಂಬ ನಂಬಿಕೆಯೂ ಉಂಟು. ಬೆಂಗಳೂರು ನಿಂತಿರುವುದು ಎರಡು ನದೀಕಣಿವೆಗಳ ನಡುವಿನ ದಿಬ್ಬದ ಮೇಲೆ. ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯತ್ತ ಹರಿದರೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಹೀಗೆ ನೋಡಿದರೆ ಬಸವನ ಪಾದದ ಕತೆ ನೆಲದ ಸ್ವಭಾವವನ್ನು ಸರಿಯಾಗಿಯೇ ಗುರುತಿಸಿದೆ. ಆ ನದಿ ಇಂದು ಕೊಳಚೆಯನ್ನು ಹೊತ್ತು ಹರಿಯುತ್ತಿರುವುದು ಈ ಊರಿನ ದೊಡ್ಡ ನೋವುಗಳಲ್ಲಿ ಒಂದು.

ಗುಡಿಯ ಕೆಳಗಿನ ದೊಡ್ಡ ಗಣಪತಿಯೂ ಏಕಶಿಲೆಯದು, 18 ಅಡಿ ಎತ್ತರದ್ದು. ನೂರು ಕಿಲೋಗೂ ಮೀರಿದ ಬೆಣ್ಣೆ ಬಳಿದು ಮಾಡುವ ಬೆಣ್ಣೆ ಅಲಂಕಾರ ಇಲ್ಲಿನ ವಿಶೇಷ. ಪಕ್ಕದಲ್ಲಿಯೇ ಕಹಳೆ ಬಂಡೆ. ಊರಿಗೆ ಎಚ್ಚರಿಕೆ ಕೊಡಲು ಕಾವಲಿನವರು ಇದರ ಮೇಲಿಂದ ಕಹಳೆ ಊದುತ್ತಿದ್ದರೆಂದು ಹೇಳುತ್ತಾರೆ. ಇಂದಿಗೂ ಎಲ್ಲರ ಬಾಯಲ್ಲಿ ಇದು ಬ್ಯೂಗಲ್ ರಾಕ್. ದೊಡ್ಡ ಮರಗಳು, ಮರಗಳಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳು, ಕವಿ ಡಿ.ವಿ.ಜಿ. ಅವರ ಪ್ರತಿಮೆ, ಬಂಡೆಯ ಇಳಿಜಾರಿನಲ್ಲಿ ಪರೀಕ್ಷೆಗೆ ಓದುವ ಹುಡುಗರು, ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಲೇ ಮೂರು ಸುತ್ತು ಮುಗಿಸುವ ಹಿರಿಯರು: ಇಷ್ಟೇ ಇಲ್ಲಿನ ನೋಟ. ಕಾಲ ಕೆಳಗಿನ ಕಲ್ಲಿಗೆ ಮಾತ್ರ ಸುಮಾರು 300 ಕೋಟಿ ವರ್ಷ ವಯಸ್ಸು.

ವರ್ಷಕ್ಕೊಮ್ಮೆ ಈ ನೆಮ್ಮದಿಯೆಲ್ಲ ಕದಡಿಹೋಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಗೆ ಕೋಲಾರ, ಚಿಂತಾಮಣಿ, ಮಾಗಡಿ, ತುಮಕೂರು, ರಾಮನಗರದ ಕಡೆಯಿಂದಷ್ಟೇ ಅಲ್ಲದೆ ಆಂಧ್ರ, ತಮಿಳುನಾಡಿನಿಂದಲೂ ಕಡಲೆಕಾಯಿ ಬರುತ್ತದೆ. ರಾಮಕೃಷ್ಣಾಶ್ರಮದಿಂದ ಗುಡಿಯವರೆಗೆ ರಸ್ತೆಯ ಎರಡೂ ಬದಿ ಹಸಿಕಾಯಿ, ಹುರಿದದ್ದು, ಬೇಯಿಸಿದ್ದು ರಾಶಿ ರಾಶಿಯಾಗಿ ಬೀಳುತ್ತದೆ. ಇಂದಿಗೂ ಸೇರಿನಲ್ಲಿ ಅಳೆದುಕೊಡುವವರು ಸಿಗುತ್ತಾರೆ. ಬತ್ತಾಸು, ಕಲ್ಯಾಣಸೇವೆ, ಬಳೆ, ಬೆಲೂನು, ರಾಟವಾಳಗಳೂ ಉಂಟು. ಹೆಸರಿಗೆ ಸೋಮವಾರದ ಜಾತ್ರೆಯಾದರೂ ಹಿಂದಿನ ವಾರಾಂತ್ಯದಲ್ಲಿಯೇ ಶುರುವಾಗಿ ಮುಂದಿನ ದಿನಗಳಿಗೂ ಹರಡಿಕೊಳ್ಳುತ್ತದೆ. ಸುತ್ತಲಿನ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ಹೊಲಕ್ಕೆ ರಾತ್ರಿ ಬಸವವೊಂದು ನುಗ್ಗಿ ಬೆಳೆ ಮೇಯುತ್ತಿತ್ತು, ಅಟ್ಟಿಸಿಕೊಂಡು ಹೋದ ರೈತರ ಕಣ್ಣೆದುರೇ ಕಲ್ಲಾಯಿತು, ತಪ್ಪೊಪ್ಪಿಕೊಂಡ ರೈತರು ಮೊದಲ ಫಸಲನ್ನು ಅದಕ್ಕೆ ಒಪ್ಪಿಸುವ ಹರಕೆ ಹೊತ್ತರು ಎಂಬುದು ಪರಿಷೆಯ ಮೂಲಕಥೆ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳು ಓಡಾಡತೊಡಗಿದ ಮೇಲೆ ಅದು ಭಾರತಕ್ಕೆ ಬಂದು, ಒಳನಾಡಿನ ಕೆಂಪು ಮಣ್ಣಿನಲ್ಲಿ ನೆಲೆಯೂರಲು ಇನ್ನಷ್ಟು ಕಾಲ ಹಿಡಿಯಿತು. ಆದ್ದರಿಂದ 1537ರ ಸುಮಾರಿನ ಗುಡಿಯ ಜೊತೆಗೇ ಈ ಜಾತ್ರೆ ಕಡಲೆಕಾಯಿಯದಾಗಿಯೇ ಹುಟ್ಟಿತೆಂದು ಒಪ್ಪುವುದು ಕಷ್ಟ. ಸುಗ್ಗಿಯ ಮೊದಲ ಫಲವನ್ನು ದೇವರಿಗಿಡುವ ಪದ್ಧತಿ ಹಳೆಯದು, ಅದರೊಳಕ್ಕೆ ಈ ಬೆಳೆ ಆಮೇಲೆ ಬಂದು ಸೇರಿರಬೇಕು. ಹಾಗೆ ಸೇರಿದ್ದರಿಂದ ಪರಿಷೆಯ ಗೌರವಕ್ಕೆ ಕುಂದೇನೂ ಇಲ್ಲ. ಬೆಂಗಳೂರಿನ ನಡುವೆ ರೈತನೊಬ್ಬ ತಾನು ಬೆಳೆದದ್ದನ್ನು ತಾನೇ ಸುರಿದುಕೊಂಡು ಕೂತು, ಕೊಳ್ಳುವವರಿಗೆ ಒಂದು ಹಿಡಿ ಕೊಸರು ಹಾಕುವುದನ್ನು ಕಾಣಲು ಇದಕ್ಕಿಂತ ಒಳ್ಳೆಯ ದಿನವಿಲ್ಲ.

ಗವಿಪುರ

ಬಸವನಗುಡಿಗೆ ಅಂಟಿಕೊಂಡಿರುವ ಗವಿಪುರದ ಗವಿ ಗಂಗಾಧರೇಶ್ವರ ನೈಸರ್ಗಿಕ ಗುಹೆಯೊಳಗಿನ ಗುಡಿ. ಅಂಗಳದಲ್ಲಿ ಕಲ್ಲಿನ ತ್ರಿಶೂಲ, ಡಮರುಗ ಮತ್ತು ಸೂರ್ಯಪಾನ, ಚಂದ್ರಪಾನ ಎಂದು ಕರೆಯುವ ಎರಡು ಬೃಹತ್ ಶಿಲಾಚಕ್ರಗಳು ನಿಂತಿವೆ. ಒಳಗೆ ಎರಡು ತಲೆ, ಏಳು ಕೈ, ಮೂರು ಕಾಲುಗಳ ಅಗ್ನಿಮೂರ್ತಿಯಿದೆ. ಇಂಥ ವಿಗ್ರಹ ಬೇರೆಡೆ ಕಾಣಸಿಗುವುದು ಬಲು ಅಪರೂಪ. ಮಕರ ಸಂಕ್ರಾಂತಿಯ ಸಂಜೆ, ಐದು ಗಂಟೆ ದಾಟಿದ ಮೇಲೆ, ಪಶ್ಚಿಮಕ್ಕಿಳಿಯುವ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಕೆಲವು ನಿಮಿಷಗಳ ಈ ಬೆಳಕಿಗಾಗಿ ಜನ ಮಧ್ಯಾಹ್ನದಿಂದಲೇ ಸಾಲುಗಟ್ಟುತ್ತಾರೆ. ಗಣಿತವೂ ಇಲ್ಲಿ ಅಷ್ಟೇ ಸೊಗಸಾಗಿದೆ. ಖಗೋಳದ ಲೆಕ್ಕದ ಉತ್ತರಾಯಣ ಶುರುವಾಗಿ ಮೂರು ವಾರದ ಮೇಲೆ, ಅಂದರೆ ಸಂಕ್ರಾಂತಿಯ ಹೊತ್ತಿಗೆ, ಸೂರ್ಯ ಆಕಾಶದಲ್ಲಿ ಎಲ್ಲಿ ಮುಳುಗುತ್ತಾನೋ, ಆ ಉತ್ತರಾಯಣಕ್ಕೆ ಮೂರು ವಾರ ಮೊದಲು, ಅಂದರೆ ನವೆಂಬರ್ ಕೊನೆಯಲ್ಲಿ, ದಕ್ಷಿಣಕ್ಕೆ ಸರಿಯುವಾಗಲೂ ಅಲ್ಲೇ ಮುಳುಗಿರುತ್ತಾನೆ. ಹಾಗಾಗಿ ಆ ದಿನಗಳಲ್ಲೂ ಕಿರಣ ಒಳಗೆ ಬರುತ್ತದೆ. ನೂಕುನುಗ್ಗಲು ಬೇಡವೆನ್ನುವವರು ನವೆಂಬರ್ ಕೊನೆಯ ಸಂಜೆಗಳಲ್ಲಿ ಹೋಗಿಬರಬಹುದು.

ಗವಿಪುರದ ಇನ್ನೊಂದು ನೆಲೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆ. ಕನ್ನಡ ಕಥಾಸಾಹಿತ್ಯದ ಹಿರಿಯರಾದ ಅವರು ಈ ಮನೆಯಿಂದ ಸಂಜೆ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗುತ್ತಿದ್ದದ್ದನ್ನು ನೆನಪಿಸಿಕೊಳ್ಳುವವರು ಈಗಲೂ ಇದ್ದಾರೆ. ಹತ್ತಿರದ ಕೆಂಪಾಂಬುಧಿ ಕೆರೆ ಕೆಂಪೇಗೌಡನ ಕಾಲದ್ದು. ಅದರ ದಂಡೆಯಲ್ಲಿ ನಗರದ ನಾಲ್ಕು ಎಲ್ಲೆಗೋಪುರಗಳಲ್ಲಿ ಒಂದಿದೆ. ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣಾಶ್ರಮದ ಆವರಣದಲ್ಲಿರುವ ಬಂಡೆಯ ಮೇಲೆ 1911ರಲ್ಲಿ ಇಲ್ಲಿಗೆ ಬಂದಿದ್ದ ಶ್ರೀಮಾತೆ ಶಾರದಾದೇವಿಯವರು ಧ್ಯಾನಕ್ಕೆ ಕುಳಿತಿದ್ದರು. ಸಂಜೆಯ ಆರತಿಯ ಹೊತ್ತಿಗೆ ಅಲ್ಲಿರುವ ಶಾಂತಿ ಹೊರಗಿನ ವಾಹನಗಳ ಗದ್ದಲವನ್ನು ಮರೆಸುತ್ತದೆ.

ಲಾಲ್‌ಬಾಗ್

ಬಸವನಗುಡಿಯ ಪೂರ್ವದ ಅಂಚಿನಲ್ಲಿರುವ ಲಾಲ್‌ಬಾಗ್ ಊರಿಗೆಲ್ಲ ಸೇರಿದ್ದಾದರೂ ಪಶ್ಚಿಮ ಬಾಗಿಲಿನ ಕಡೆಯವರು ಅದನ್ನು ತಮ್ಮ ಹಿತ್ತಲೆಂದೇ ಭಾವಿಸುತ್ತಾರೆ. 1760ರಲ್ಲಿ ಹೈದರ್ ಅಲಿ ಶುರುಮಾಡಿ ಟಿಪ್ಪು ಬೆಳೆಸಿದ ತೋಟವಿದು. ಈಗಿನ ವಿಸ್ತೀರ್ಣ ಸುಮಾರು 240 ಎಕರೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಗಾಜಿನ ಮನೆಗೆ 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಆಗ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮೆರಾನ್. ಅವನ ನಂತರ 1908ರಲ್ಲಿ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗೆಲ್ ಈ ತೋಟವನ್ನಷ್ಟೇ ಅಲ್ಲದೆ ಬೆಂಗಳೂರಿನ ರಸ್ತೆಗಳನ್ನೂ ರೂಪಿಸಿದ. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಜಾತಿ ಅರಳಿರಬೇಕು, ವರ್ಷವಿಡೀ ಎಲ್ಲೋ ಒಂದು ಬೀದಿ ಹೂವಾಗಿರಬೇಕು ಎಂಬುದು ಅವನ ಎಣಿಕೆ. ಜನವರಿ, ಫೆಬ್ರವರಿಯ ಗುಲಾಬಿ ತಬೂಬಿಯಾ, ಮಾರ್ಚಿನ ಜಕರಂಡಾ, ಬೇಸಿಗೆಯ ಗುಲ್‌ಮೊಹರ್ ಕಂಡಾಗಲೆಲ್ಲ ಅವನನ್ನು ನೆನೆಯಬೇಕು.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿ ವರ್ಷಕ್ಕೆರಡು ಸಲ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ತೋಟ ನೋಡಬೇಕೆನ್ನುವವರು ಆ ದಿನಗಳನ್ನು ಬಿಟ್ಟು ಬರುವುದು ಮೇಲು, ಏಕೆಂದರೆ ಆಗ ಜನರ ತಲೆ ಬಿಟ್ಟು ಬೇರೇನೂ ಕಾಣದು. ತೋಟದೊಳಗಿನ ದೊಡ್ಡ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಈ ಬಗೆಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂಬ ಹೆಸರು ಕೊಟ್ಟರು. ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡ ಗೋಪುರ ನಿಂತಿದೆ. ನಾಲ್ಕು ಗೋಪುರಗಳ ಆಚೆಗೆ ಊರು ಬೆಳೆಯದೆಂದು ಒಂದು ಕಾಲದಲ್ಲಿ ನಂಬಿದ್ದರಂತೆ. ಅಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಯಾವ ದಿಕ್ಕಿನಲ್ಲೂ ಊರು ಮುಗಿಯುವುದಿಲ್ಲ.

ಗಾಂಧಿ ಬಜಾರ್ ಮತ್ತು ತಿಂಡಿ

ಗಾಂಧಿ ಬಜಾರ್ ಕೊಳ್ಳುವ ಬೀದಿಯೂ ಹೌದು, ಸುತ್ತಾಡುವ ಬೀದಿಯೂ ಹೌದು. ಮಲ್ಲಿಗೆ, ಸೇವಂತಿಗೆ, ತಾವರೆ, ಬಾಳೆಕಂದು, ಮಾವಿನೆಲೆ, ಗರಿಕೆ ಯಾವುದು ಬೇಕಾದರೂ ಮೊಳಕ್ಕೋ ಕಟ್ಟಿಗೋ ಸಿಗುತ್ತದೆ. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ, ಗೌರಿ ಗಣೇಶದ ಮುನ್ನಾದಿನ ಸಂಜೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1948ರಿಂದಿರುವ ಸುಬ್ಬಮ್ಮನ ಅಂಗಡಿಯ ಹಪ್ಪಳ, ಸಂಡಿಗೆ, ಕೋಡುಬಳೆ, ಚಟ್ನಿಪುಡಿ ಅಮೆರಿಕಕ್ಕೆ ಹೊರಟ ಸೂಟ್‌ಕೇಸುಗಳಲ್ಲಿ ಕಾಯಂ ಜಾಗ ಪಡೆದಿವೆ. ಕೆ.ಎಸ್. ನಿಸಾರ್ ಅಹಮದ್ ತಮ್ಮ ಮೊದಲ ಕವನ ಸಂಕಲನಕ್ಕೆ 1960ರಲ್ಲಿ ಕೊಟ್ಟ ಹೆಸರು ‘ಮನಸು ಗಾಂಧಿ ಬಜಾರು’. ಕನ್ನಡ ಪುಸ್ತಕಗಳಿಗೆಂದೇ ಇರುವ ಅಂಕಿತ ಪುಸ್ತಕ ಇದೇ ಬೀದಿಯಲ್ಲಿದೆ. ಭಾನುವಾರ ಬೆಳಗ್ಗೆ ದೋಸೆ ತಿಂದು ಪುಸ್ತಕ ಕೊಂಡು ಹೂವಿನೊಡನೆ ಮನೆಗೆ ಹೋಗುವ ಕ್ರಮವನ್ನು ಅನೇಕ ಮನೆಗಳು ವ್ರತದಂತೆ ಪಾಲಿಸಿಕೊಂಡು ಬಂದಿವೆ.

ದೋಸೆಯೆಂದರೆ ವಿದ್ಯಾರ್ಥಿ ಭವನ. ಕುಂದಾಪುರದ ಕಡೆಯಿಂದ ಬಂದ ವೆಂಕಟರಮಣ ಉರಾಳರು 1943ರಲ್ಲಿ ಸುತ್ತಲಿನ ಶಾಲೆಗಳ ಹುಡುಗರನ್ನು ನೆಚ್ಚಿ ತೆರೆದ ಹೋಟೆಲಿದು. 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು, ಪಂಚೆಯುಟ್ಟ ಮಾಣಿ ಒಂದೇ ತೋಳಿನ ಮೇಲೆ ಹತ್ತು ಹನ್ನೆರಡು ತಟ್ಟೆ ಪೇರಿಸಿಕೊಂಡು ಬರುವ ಕೌಶಲ, ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುವ ಬೆಣ್ಣೆ ಮಸಾಲೆ ಇವು ಮೂರೂ ಕೂಡಿದ್ದೇ ಇಲ್ಲಿಯ ಆಕರ್ಷಣೆ. ಶುಕ್ರವಾರ ರಜೆ, ಗೊತ್ತಿಲ್ಲದೆ ಬಂದವರು ಬಾಗಿಲು ನೋಡಿ ಹಿಂದಿರುಗುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಶುರುವಾಯಿತು. ಅಲ್ಲಿರುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ ಇಷ್ಟೇ. ಸಾಂಬಾರ್ ಇಲ್ಲ. ಚಟ್ನಿಯನ್ನು ಕೇಳಿದಷ್ಟು ಸಲವೂ ಸುರಿಯುತ್ತಾರೆ, ರಸ್ತೆಯಂಚಿನಲ್ಲಿ ನಿಂತೇ ತಿನ್ನಬೇಕು.

ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಇವೆಲ್ಲಕ್ಕಿಂತ ಹಳೆಯದು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಿನ್ ಕಾಫಿ ಕ್ಲಬ್ ಎಂದು ತೆರೆದದ್ದು 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರು. ಕೊರತೆಯಿಂದ ಹುಟ್ಟಿದ ರವೆ ಇಡ್ಲಿ ಇಂದು ಕರ್ನಾಟಕದ ಎಲ್ಲ ಹೋಟೆಲುಗಳಲ್ಲೂ ಇದೆ. ಗಮನಿಸಬೇಕಾದ ಸಂಗತಿಯೊಂದಿದೆ. ಬೆಂಗಳೂರಿನ ವಿರಾಮಕ್ಕೆ ಅದರ ರುಚಿಯನ್ನು ಕೊಟ್ಟವರಲ್ಲಿ ಬಹಳ ಜನ ಉಡುಪಿ, ಕುಂದಾಪುರ, ಕೋಟದ ಕಡಲತೀರದಿಂದ ಹೊಟ್ಟೆಪಾಡಿಗೆಂದು ಘಟ್ಟ ಹತ್ತಿ ಬಂದವರು. ಅವರ ದುಡಿಮೆಯ ಮೇಲೆ ಈ ಊರಿನ ಬಿಡುವು ನಿಂತಿದೆ ಎಂಬುದನ್ನು ಬೈಟು ಕಾಫಿ ಕುಡಿಯುವಾಗ ಮರೆಯಬಾರದು.

ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿ ಸಂಜೆಯಾದ ಮೇಲೆ ಜೀವಂತವಾಗುತ್ತದೆ. ಒಬ್ಬಟ್ಟು, ಪಡ್ಡು, ಮಸಾಲೆ ಮಂಡಕ್ಕಿ, ಅಕ್ಕಿರೊಟ್ಟಿ ಕಣ್ಣೆದುರೇ ಬೇಯುತ್ತವೆ. ಜನವರಿಯ ಸೊಗಡವರೆ ಕಾಲದಲ್ಲಿ ನಡೆಯುವ ಅವರೆಬೇಳೆ ಮೇಳ ಇಲ್ಲಿಯೇ ಹುಟ್ಟಿದ್ದು. ಅವರೆಕಾಳಿನ ಉಪ್ಪಿಟ್ಟು, ಹಿತಕವರೆ ಸಾರು ಸರಿ, ಅವರೆಬೇಳೆಯ ಜಿಲೇಬಿಯನ್ನು ಮಾತ್ರ ಕುತೂಹಲಕ್ಕೆ ಒಮ್ಮೆ ತಿಂದರೆ ಸಾಕು.

ಕೇಳುವ ಸುಖ

ಉಪನ್ಯಾಸ ಕೇಳುವುದನ್ನು ಮನರಂಜನೆ ಎಂದು ಎಣಿಸುವ ಊರುಗಳು ಕಡಿಮೆ. ಬಸವನಗುಡಿ ಅಂಥ ಒಂದು ಊರು. ಬಿ.ಪಿ. ವಾಡಿಯಾ 1945ರಲ್ಲಿ ಸ್ಥಾಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಗ್ರಂಥಾಲಯವಿದೆ, ಮಕ್ಕಳಿಗೆ ಬೇರೆಯ ವಿಭಾಗವಿದೆ, ಸಂಜೆ ಭಾಷಣವೋ ಸಂಗೀತವೋ ನೃತ್ಯವೋ ಇರುತ್ತದೆ. ಅದೇ ವರ್ಷ ಡಿ.ವಿ.ಜಿ. ಕಟ್ಟಲು ತೊಡಗಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನರಸಿಂಹರಾಜ ಕಾಲೊನಿಯ ಬಳಿ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಗಾಂಧಿವಾದಿ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಪ್ರತಿ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ ಏರ್ಪಡಿಸುತ್ತ ಬಂದಿದೆ. ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿಯೇ ಬದುಕಿದ ಅವರ ಸರಳತೆ ಈ ಸಭೆಗಳಲ್ಲಿ ಉಳಿದುಕೊಂಡಿದೆ: ಪ್ರವೇಶ ಉಚಿತ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಹೊರಗಿನಿಂದ ಬಂದ ಪ್ರವಾಸಿ ಒಂದು ಸಂಜೆಯನ್ನು ಇಲ್ಲಿ ಕಳೆದರೆ ಹತ್ತು ಗುಡಿ ನೋಡಿದ್ದಕ್ಕಿಂತ ಹೆಚ್ಚಾಗಿ ಈ ಬಡಾವಣೆಯ ಮನಸ್ಸು ತಿಳಿಯುತ್ತದೆ.

ಸಂಗೀತಕ್ಕೆ 1905ರಿಂದಿರುವ ಬೆಂಗಳೂರು ಗಾಯನ ಸಮಾಜ ಕೃಷ್ಣರಾಜೇಂದ್ರ ರಸ್ತೆಯಲ್ಲಿದೆ. ರಂಗಭೂಮಿಗೆ ಹನುಮಂತನಗರದ ಕೆ.ಎಚ್. ಕಲಾಸೌಧ. ಭಾದ್ರಪದದಲ್ಲಿ ವಿದ್ಯಾರಣ್ಯ ಯುವಕ ಸಂಘದ ಬೆಂಗಳೂರು ಗಣೇಶ ಉತ್ಸವ 1962ರಿಂದ ನಡೆಯುತ್ತಿದ್ದು, ಶಾಸ್ತ್ರೀಯ ಗಾಯಕರಿಂದ ಸಿನಿಮಾ ಗಾಯಕರವರೆಗೆ ಎಲ್ಲರೂ ಅದರ ವೇದಿಕೆ ಹತ್ತಿದ್ದಾರೆ.

ಆದರೆ ಸಂಗೀತದ ದೊಡ್ಡ ಹಬ್ಬ ಚಾಮರಾಜಪೇಟೆಯದು. ಶ್ರೀ ರಾಮಸೇವಾ ಮಂಡಳಿ 1939ರಿಂದ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನಡೆಸುತ್ತ ಬಂದಿರುವ ರಾಮನವಮಿ ಸಂಗೀತೋತ್ಸವ ಯುಗಾದಿಯ ಹೊತ್ತಿಗೆ ಶುರುವಾಗಿ ವಾರಗಟ್ಟಲೆ ಸಾಗುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ, ಚೆಂಬೈ, ಶೆಮ್ಮಂಗುಡಿ ಅವರಂಥವರು ಇಲ್ಲಿ ಹಾಡಿದ್ದಾರೆ. ಚಪ್ಪರದೊಳಗೆ ಟಿಕೆಟ್ ಕೊಂಡವರು, ಹೊರಗೆ ರಸ್ತೆಯಲ್ಲಿ, ಪಕ್ಕದ ಮನೆಗಳ ಜಗಲಿಯಲ್ಲಿ ಟಿಕೆಟ್ಟಿಲ್ಲದವರು. ಧ್ವನಿವರ್ಧಕ ಇಬ್ಬರಿಗೂ ಒಂದೇ ರಾಗವನ್ನು ಕೇಳಿಸುತ್ತದೆ. ಪಾನಕ, ಕೋಸಂಬರಿ, ನೀರುಮಜ್ಜಿಗೆಯ ಹಂಚಿಕೆ, ಮುಂಗಾರಿಗೆ ಮೊದಲಿನ ಗುಡುಗು ಮಳೆ, ಮಳೆ ನಿಂತ ಮೇಲೆ ಮತ್ತೆ ಎತ್ತಿಕೊಂಡ ಪಲ್ಲವಿ ಎಲ್ಲವೂ ಈ ಉತ್ಸವದ ನೆನಪಿನಲ್ಲಿ ಸೇರಿಹೋಗಿವೆ.

ಚಾಮರಾಜಪೇಟೆ ಮತ್ತು ಕೋಟೆಯ ಸುತ್ತ

ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿದೆ. ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. ಪುಸ್ತಕ ಬಿಡುಗಡೆ, ಗಮಕ, ನಿಘಂಟಿನ ಕೆಲಸ, ಶ್ರದ್ಧಾಂಜಲಿ ಸಭೆ ಎಲ್ಲಕ್ಕೂ ಕನ್ನಡಿಗರು ಬಂದು ಸೇರುವ ಮನೆ ಇದು. ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ 1938ರಲ್ಲಿ ಕಟ್ಟಿದ ಮಕ್ಕಳ ಕೂಟ ಇನ್ನೊಂದು ಹೆಮ್ಮೆ. ಮಕ್ಕಳ ಆಟ, ಹಾಡು, ನಾಟಕಕ್ಕೆ ಪ್ರತ್ಯೇಕ ಜಾಗ ಬೇಕೆಂದು ಆ ಕಾಲದಲ್ಲಿ ಹೆಂಗಸೊಬ್ಬರು ಹಟ ಹಿಡಿದು ಸಾಧಿಸಿದ್ದು ಸಣ್ಣ ಸಂಗತಿಯಲ್ಲ.

ಕೆಂಪೇಗೌಡನ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರ್ ಅಲಿ ಕಲ್ಲಿನಲ್ಲಿ ಮರುಕಟ್ಟಿದ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಈಗ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಸುತ್ತಲಿನ ಗೋಡೆ ಮಾತ್ರ. ಹೈದರ್ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆ ತೇಗದ ಕಂಬ, ಕಮಾನು, ಮೇಲುಪ್ಪರಿಗೆಗಳಿಂದ ಕೂಡಿದೆ. ಅಠಾರಾ ಕಚೇರಿಗೆ 1868ರಲ್ಲಿ ಹೋಗುವ ತನಕ ಸರ್ಕಾರದ ಸಚಿವಾಲಯ ಇಲ್ಲಿಯೇ ನಡೆಯುತ್ತಿತ್ತು. ಪಕ್ಕದ ಕೋಟೆ ವೆಂಕಟರಮಣ ದೇವಾಲಯ ಚಿಕ್ಕದೇವರಾಜ ಒಡೆಯರ ಕಾಲದ್ದು. ಅರಮನೆಯ ಗೋಡೆಗೆ ಗುಡಿಯ ಗೋಡೆ ಒರಗಿರುವುದನ್ನು ಕಣ್ಣಾರೆ ನೋಡಬೇಕು.

ಬೆಳಗಿನ ನಾಲ್ಕಕ್ಕೇ ಎದ್ದು ಹೋಗಬಲ್ಲವರಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಇದೆ. ಸಿದ್ದಿಕಟ್ಟೆಯ ಜಾಗದಲ್ಲಿ 1921ರಲ್ಲಿ ಕಟ್ಟಿದ ಈ ಮಾರುಕಟ್ಟೆಯ ನೆಲಮಹಡಿಯಲ್ಲಿ ಹೂವಿನ ಸಗಟು ವ್ಯಾಪಾರ ಬೆಳಕು ಹರಿಯುವ ಮುನ್ನವೇ ಬಿರುಸಾಗಿರುತ್ತದೆ. ಮೇಲಿನ ಮೆಟ್ಟಿಲಿನಿಂದ ಕೆಳಗೆ ನೋಡಿದರೆ ಚೆಂಡುಹೂ, ಕನಕಾಂಬರ, ಸೇವಂತಿಗೆಯ ದಿಬ್ಬಗಳು. ಚೈತ್ರ ಹುಣ್ಣಿಮೆಯ ರಾತ್ರಿ ನಗರ್ತಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ತಿಗಳ ಸಮುದಾಯದ ಕರಗ ಮೆರವಣಿಗೆ ಇದೇ ಪೇಟೆಗಳನ್ನು ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೆ ಭೇಟಿ ಕೊಟ್ಟು ಹಿಂತಿರುಗುತ್ತದೆ. ಆ ಒಂದು ರಾತ್ರಿ ಪೇಟೆ ಮಲಗುವುದಿಲ್ಲ.

ಮಲ್ಲೇಶ್ವರಂ

ಕಾಡು ಮಲ್ಲೇಶ್ವರ ದೇವಾಲಯ ಹದಿನೇಳನೆಯ ಶತಮಾನದ್ದು. ಶಿವಾಜಿಯ ಮಲತಮ್ಮ ವೆಂಕೋಜಿ ಈ ದೇವರಿಗೆ ಮೇದರನಿಂಗನಹಳ್ಳಿಯನ್ನು ದಾನ ಕೊಟ್ಟ 1669ರ ಶಾಸನವಿದೆ. ಊರು ಬೆಳೆದ ಮೇಲೂ ಗುಡಿಯ ಸುತ್ತ ಮರಗಳ ದಟ್ಟಣೆ ಉಳಿದು ಹೆಸರಿನ ‘ಕಾಡು’ ಪೂರ್ತಿ ಸುಳ್ಳಾಗಿಲ್ಲ. ಎದುರಿನ ದಕ್ಷಿಣಮುಖ ನಂದಿ ತೀರ್ಥ ಮಣ್ಣಿನಡಿ ಹೂತುಹೋಗಿದ್ದು, 1997ರಲ್ಲಿ ಅಗೆದಾಗ ಬೆಳಕಿಗೆ ಬಂತು. ನಂದಿಯ ಬಾಯಿಂದ ಬೀಳುವ ನೀರು ಕೆಳಗಿನ ಲಿಂಗವನ್ನು ತೊಯ್ಸಿ ಕಲ್ಯಾಣಿಗೆ ಇಳಿಯುತ್ತದೆ. ಗಂಗಮ್ಮ, ಲಕ್ಷ್ಮೀನರಸಿಂಹ ಗುಡಿಗಳೂ ಹತ್ತಿರದಲ್ಲೇ ಇರುವುದರಿಂದ ಒಂದೇ ನಡಿಗೆಯಲ್ಲಿ ಎಲ್ಲವನ್ನೂ ನೋಡಬಹುದು. ಇತ್ತೀಚಿನ ವರ್ಷಗಳಲ್ಲಿ ಇಲ್ಲಿಯೂ ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತಿದೆ.

ಸ್ಯಾಂಕಿ ಕೆರೆಯನ್ನು 1882ರಲ್ಲಿ ನೀರಿನ ಅಗತ್ಯಕ್ಕಾಗಿ ಕಟ್ಟಿಸಿದವನು ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಹತ್ತಿರದಲ್ಲಿ ಸರ್ಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಗಂಧದಕೋಟಿ ಕೆರೆ ಎಂದೂ ಕರೆಯುತ್ತಿದ್ದರು. ಸುಮಾರು 37 ಎಕರೆಯ ಈ ಕೆರೆಯ ಸುತ್ತಲಿನ ನಡಿಗೆಹಾದಿ ಬೆಳಗ್ಗೆ, ಸಂಜೆ ತುಂಬಿರುತ್ತದೆ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ನಡುವಿನ ಎಂಟನೆಯ ಅಡ್ಡರಸ್ತೆ ಕೊಳ್ಳುವವರ ಸ್ವರ್ಗ. ಗೌರಿ ಹಬ್ಬದ ಬಾಗಿನದ ಮೊರದಿಂದ ದಸರಾ ಬೊಂಬೆಯವರೆಗೆ ಸಿಗದ ವಸ್ತುವಿಲ್ಲ. ಏಳನೆಯ ಅಡ್ಡರಸ್ತೆಯ ಸಿ.ಟಿ.ಆರ್. ಬೆಣ್ಣೆ ಮಸಾಲೆಗೆ, ಹದಿನೈದನೆಯ ಅಡ್ಡರಸ್ತೆಯ ವೀಣಾ ಸ್ಟೋರ್ಸ್ ಇಡ್ಲಿಗೆ ಹೆಸರುವಾಸಿ. ಬಸವನಗುಡಿಯ ದೋಸೆ ಮೇಲೋ ಮಲ್ಲೇಶ್ವರದ್ದೋ ಎಂಬ ಜಗಳ ಮುಗಿಯುವಂಥದ್ದಲ್ಲ, ಗರಿಯಲ್ಲಿ ಸಿ.ಟಿ.ಆರ್., ಪಲ್ಯದಲ್ಲಿ ವಿದ್ಯಾರ್ಥಿ ಭವನ ಎಂಬುದು ಈ ಲೇಖಕನ ತೀರ್ಪು.

ನೊಬೆಲ್ ಪುರಸ್ಕೃತ ಸಿ.ವಿ. ರಾಮನ್ ಅವರ ಮನೆ ‘ಪಂಚವಟಿ’ ಇಲ್ಲಿಯ ಹದಿನೈದನೆಯ ಅಡ್ಡರಸ್ತೆಯಲ್ಲಿದೆ. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಉತ್ತರದ ಅಂಚಿನಲ್ಲಿದೆ. ವರ್ಷಕ್ಕೊಮ್ಮೆ ಅದು ಪ್ರಯೋಗಾಲಯಗಳ ಬಾಗಿಲನ್ನು ಎಲ್ಲರಿಗೂ ತೆರೆದಾಗ ಶಾಲಾಮಕ್ಕಳ ಜಾತ್ರೆಯೇ ನೆರೆಯುತ್ತದೆ. ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು. ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರ ನೆನಪಿಗೆ ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ಚಿಕ್ಕ ಕಛೇರಿ, ನಾಟಕಗಳಿಗೆ ಸೇವಾಸದನವಿದೆ.

ಆಟೋಟ

ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಮಂಟಪದಲ್ಲಿ ಮದುವೆಯಿಲ್ಲದ ದಿನಗಳಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದರು. ಅಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರಾದರು. ಮದುವೆಯ ಋತು ಬಂತೆಂದರೆ ಅಭ್ಯಾಸಕ್ಕೆ ಜಾಗವಿಲ್ಲ ಎಂಬ ಸ್ಥಿತಿಯಲ್ಲಿ ಜಗತ್ತಿನ ಅಗ್ರ ಆಟಗಾರನೊಬ್ಬ ತಯಾರಾದ ಎಂಬುದು ಈ ಬಡಾವಣೆಯ ಕ್ರೀಡಾ ಇತಿಹಾಸದ ತಲೆಯೆತ್ತಿ ಹೇಳಬೇಕಾದ ಅಧ್ಯಾಯ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ ಟೆಸ್ಟ್ ಕ್ರಿಕೆಟ್‌ನಲ್ಲಿ 619 ವಿಕೆಟ್ ಪಡೆದರು. ಈಜಿಗೆ ಬಸವನಗುಡಿ ಅಕ್ವಾಟಿಕ್ ಸೆಂಟರ್ ಮತ್ತು ಸ್ಯಾಂಕಿ ಕೆರೆಯ ಪಕ್ಕದ ಕೊಳ ಇವೆ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಗಿನ ಯೋಗ, ಸಂಜೆಯ ಹರಟೆ.

ಬದಲಾವಣೆ ಮತ್ತು ಸಂಚಾರ

ಕೆಂಪುಹೆಂಚಿನ, ಮರದ ಜಾಲರಿಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಬಂತು. ಅಲ್ಲಿಯೇ 1954ರಿಂದಿದ್ದ ನ್ಯೂ ಕೃಷ್ಣ ಭವನ ಹೋಟೆಲು 2023ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದ ದಿನ ಅದರ ಮುಂದೆ ಕೊನೆಯ ತುತ್ತಿಗಾಗಿ ನಿಂತವರಲ್ಲಿ ಕಣ್ಣೀರು ಹಾಕಿದವರಿದ್ದರು. ಮರ ಕಡಿಯುವ, ರಸ್ತೆ ಅಗಲಿಸುವ ಯೋಜನೆ ಬಂದಾಗಲೆಲ್ಲ ಇಲ್ಲಿನ ನಿವಾಸಿಗಳು ಬೀದಿಗಿಳಿದಿದ್ದಾರೆ, ಕೆಲವೊಮ್ಮೆ ಗೆದ್ದಿದ್ದಾರೆ ಕೂಡ. ಉಳಿದ ಹಳೆಯ ಮನೆಗಳನ್ನು ಕಾಯಲು ಕಟ್ಟುನಿಟ್ಟಿನ ಕಾನೂನು ಬೇಕೆಂಬ ಒತ್ತಾಯ ನ್ಯಾಯವಾದದ್ದು.

ಮೆಟ್ರೋದ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಸಂಪಿಗೆ ರಸ್ತೆಯಿಂದ ದಕ್ಷಿಣಕ್ಕೆ ಮುಂದುವರಿದು ಮೂರು ಬಡಾವಣೆಗಳನ್ನೂ ಒಂದೇ ದಾರಿಯಲ್ಲಿ ಪೋಣಿಸಿದೆ. ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ, ಕೋಟೆ ಮತ್ತು ಚಾಮರಾಜಪೇಟೆಗೆ ಕೆ.ಆರ್. ಮಾರುಕಟ್ಟೆ, ಬಸವನಗುಡಿಗೆ ನ್ಯಾಷನಲ್ ಕಾಲೇಜು, ತೋಟಕ್ಕೆ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಮುಂದೆ ಕಾಲ್ನಡಿಗೆಯೇ ಸರಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಪರಿಷೆ, ಸಂಕ್ರಾಂತಿ, ಅವರೆಬೇಳೆ ಮೇಳ, ಫಲಪುಷ್ಪ ಪ್ರದರ್ಶನ, ರಾಮನವಮಿಯ ಸಂಗೀತ, ಕರಗ ಸಾಲಾಗಿ ಬರುತ್ತವೆ. ಗುಡಿಗಳು ಸಾಮಾನ್ಯವಾಗಿ ಮಧ್ಯಾಹ್ನ ಮುಚ್ಚಿರುತ್ತವೆ, ಹಳೆಯ ಹೋಟೆಲುಗಳಲ್ಲಿ ಹಲವು ಮಧ್ಯಾಹ್ನ ಕೆಲ ಹೊತ್ತು ಬಾಗಿಲು ಹಾಕುತ್ತವೆ. ಆ ಹೊತ್ತನ್ನು ಟಿಪ್ಪುವಿನ ಅರಮನೆಗೋ ಲಾಲ್‌ಬಾಗಿನ ನೆರಳಿಗೋ ಇಟ್ಟುಕೊಳ್ಳುವುದು ಅನುಕೂಲ.